ಎತ್ತಿನ ಮೇಲೆ ಬರುವವನ ಪಾಲು

ರಾಮದುರ್ಗ, ಹೊರಡುವ ಮೊದಲು

ಮಾರಿಷಸ್ಸಿಗೆ ಎಲ್ಲರೂ ಸಮುದ್ರ ನೋಡಲು ಹೋಗುತ್ತಾರೆ. ನಾನು ಹೋದದ್ದು ನಮ್ಮ ಮುತ್ತಜ್ಜನ ದೊಡ್ಡಪ್ಪನನ್ನು ಹುಡುಕಲು. ಬೈಲಹೊಂಗಲದ ನಮ್ಮ ಓಣಿಯ ಹೆಂಗಸರಿಗೆ ಇದನ್ನು ಹೇಳಿದಾಗ ಅವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ನಮ್ಮ ಮನೆಯವರ ಮುಖ ನೋಡಿದರು. ಇವಳಿಗೆ ತಲೆ ಕೆಟ್ಟಿದೆ ಸರಿ, ಇವರು ಯಾಕೆ ಹೂಂ ಅಂದರು ಎಂಬುದೇ ಅವರ ಪ್ರಶ್ನೆ. ನಮ್ಮ ಮನೆಯವರು ಅಡತಿ ಅಂಗಡಿಯವರು. ಹತ್ತಿ, ಜೋಳ ಬಿಟ್ಟು ಬೇರೆ ಯಾವುದಕ್ಕೂ ತಲೆ ಕೆಡಿಸಿಕೊಂಡವರಲ್ಲ. ಅವರು ಹೂಂ ಅಂದದ್ದು ಸಮುದ್ರದ ಆಸೆಗೆ.

ಕಥೆ ನನ್ನ ತವರುಮನೆಯದು. ರಾಮದುರ್ಗದಲ್ಲಿ ನಮ್ಮ ಮನೆಗೆ ಎರಡು ಮೂರು ವರ್ಷಕ್ಕೊಮ್ಮೆ, ಜೋಳದ ರಾಶಿ ಮುಗಿದ ಮೇಲೆ, ಹೆಳವರು ಬರುತ್ತಾರೆ. ನಮ್ಮ ಕಡೆಯವರಿಗೆ ಹೆಳವರ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ: ಮನೆತನದ ಹೆಸರುಗಳನ್ನು ಬುಡದಿಂದ ತುದಿಯವರೆಗೆ ಬಾಯಿಯಲ್ಲೇ ಇಟ್ಟುಕೊಂಡವರು ಇವರು. ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು, ಯಾವ ಊರಿಂದ ಯಾವ ಊರಿಗೆ ಬಂದರು, ಎಲ್ಲವನ್ನೂ ರಾಗವಾಗಿ ಹೇಳುತ್ತಾರೆ. ಮೊದಲೆಲ್ಲ ಕಾಲು ಕುಂಟಾದವನೊಬ್ಬ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ನಸುಕಿನಲ್ಲಿ ಬರುತ್ತಿದ್ದನಂತೆ. ಈಗ ಬರುವ ಸಿದ್ದಪ್ಪನಿಗೆ ಎರಡೂ ಕಾಲು ನೆಟ್ಟಗಿವೆ, ಎತ್ತಿನ ಜಾಗದಲ್ಲಿ ಮೋಟರ್ ಸೈಕಲ್ ಇದೆ. ಗಂಟೆ ಮಾತ್ರ ಅವರಜ್ಜನ ಕಾಲದ್ದೇ.

ಮನೆಯ ಹೊಸ್ತಿಲ ಮುಂದೆ ಮೊರದ ತುಂಬ ಜೋಳ ಇಡಬೇಕು. ಕೂಸುಮರಿ ಸಮೇತ ಎಲ್ಲರೂ ಬಂದು ನಿಲ್ಲಬೇಕು. ಸಿದ್ದಪ್ಪ ಗಂಟೆ ಬಾರಿಸಿ ಶುರು ಮಾಡುತ್ತಾನೆ. ಹೊಸದಾಗಿ ಹುಟ್ಟಿದವರ ಹೆಸರು ಕೇಳಿ ಸೇರಿಸಿಕೊಳ್ಳುತ್ತಾನೆ. ಆದರೆ ನಡುವೆ ಒಂದು ಕಡೆ, ಪ್ರತಿ ಸಲವೂ ಅದೇ ಜಾಗದಲ್ಲಿ, ರಾಗ ನಿಲ್ಲಿಸಿ ಕೇಳುತ್ತಾನೆ:

“ಹಿರ್ಯಾ ಗುರಪ್ಪನ ಸುದ್ದಿ ಏನರ ಬಂತೇನ್ರಿ?”

ಮನೆಯ ಹಿರಿಯರು “ಇಲ್ಲರಿ” ಎನ್ನಬೇಕು. ನಮ್ಮಜ್ಜ ಅಂದ, ನಮ್ಮಪ್ಪ ಅಂದ. ಗುರಪ್ಪನ ಹೆಸರಲ್ಲಿ ಇನ್ನೊಂದು ಬೊಗಸೆ ಜೋಳ ಮೊರಕ್ಕೆ ಬೀಳುತ್ತದೆ, ರಾಗ ಮುಂದೆ ಸಾಗುತ್ತದೆ. ಈ ಗುರಪ್ಪ ನಮ್ಮವರ ಮೂಲ ಊರಾದ ಮುರಗೋಡದಿಂದ ಮುಂಬೈಗೆ ಹೋಗಿ ಹಡಗು ಹತ್ತಿದವನು. ಯಾಕೆ ಹೋದ ಅಂದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಕಥೆ. ತಮ್ಮನ ಜೊತೆ ಜಗಳ ಎಂದು ಒಬ್ಬರು, ಮದುವೆಗೆ ಹೆದರಿ ಓಡಿದ ಎಂದು ಇನ್ನೊಬ್ಬರು. ಅವನ ಜೊತೆ ಹೋಗಿದ್ದ ಮನೋಳಿಯವನೊಬ್ಬ ಕೆಲ ವರ್ಷದ ಮೇಲೆ ತಿರುಗಿ ಬಂದು, ಗುರಪ್ಪ ಮಾರಿಷಸ್ಸಿನ ಕಬ್ಬಿನ ತೋಟದಲ್ಲಿದ್ದಾನೆ ಎಂದು ಹೇಳಿದ್ದಷ್ಟೇ ಕೊನೆಯ ಸುದ್ದಿ.

ನಮ್ಮಪ್ಪ ತೀರಿಕೊಳ್ಳುವ ಮುಂಚಿನ ಸಲ ಸಿದ್ದಪ್ಪ ಹೋದ ಮೇಲೆ ಕಟ್ಟೆಯ ಮೇಲೆ ಕುಳಿತು, “ಒಮ್ಮೆರ ಬಂತು ಅನ್ಬೇಕಾಗಿತ್ತವ್ವಾ” ಅಂದಿದ್ದ. ಅಪ್ಪ ಹೋದ ಮೇಲೆ ಬಂದ ಸಿದ್ದಪ್ಪ ಮತ್ತೆ ಕೇಳಿದ. ಈ ಸಲ “ಇಲ್ಲರಿ” ಅಂದವನು ನಮ್ಮಣ್ಣ. ದನಿ ಥೇಟ್ ಅಪ್ಪನದೇ. ನನಗೆ ತಡೆಯಲಾಗದೆ ಒಳಗೆ ಹೋಗಿ ಅತ್ತೆ. ಅದೇ ವಾರ ಕಿತ್ತೂರಿನ ನನ್ನ ಗೆಳತಿ ಫೋನ್ ಮಾಡಿ, ನಮ್ಮ ಪ್ರವಾಸದ ತಂಡ ಮಾರಿಷಸ್ಸಿಗೆ ಹೊರಟಿದೆ, ಇಬ್ಬರಿಗೆ ಜಾಗವಿದೆ, ಬರ್ತೀಯೇನು ಎಂದಳು. ದೇವರು ಇಷ್ಟು ನೇರವಾಗಿ ಫೋನ್ ಮಾಡಿಸುವುದು ಅಪರೂಪ.

ಪೋರ್ಟ್ ಲೂಯಿ

ವಿಮಾನ ನಿಲ್ದಾಣದಲ್ಲೇ ಮೊದಲ ರಗಳೆ. ನಮ್ಮ ಮನೆಯವರ ಚೀಲದಲ್ಲಿದ್ದ ಶೇಂಗಾ ಚಟ್ನಿಯ ಡಬ್ಬಿ ನೋಡಿ ಅಧಿಕಾರಿಗೆ ಸಂಶಯ ಬಂತು. ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದ. ಆಮೇಲೆ ಸೀನಿದ್ದು ಸೀನಿದ್ದೇ. ಪಕ್ಕದ ಮೇಜಿನ ಹೆಂಗಸು ಬಂದು ಬೆರಳಿನಿಂದ ಒಂದಿಷ್ಟು ನೆಕ್ಕಿ ನೋಡಿ, ಇದನ್ನು ಹೇಗೆ ಮಾಡುತ್ತೀರಿ ಎಂದು ಹಿಂದಿಯಲ್ಲಿ ಕೇಳಿದಳು. ಬೆಳ್ಳುಳ್ಳಿ ಎಷ್ಟು, ಖಾರ ಎಷ್ಟು ಎಂದು ನಾನು ಹೇಳುತ್ತಿದ್ದರೆ ನಮ್ಮ ಹಿಂದಿನ ಸಾಲು ಬೆಳೆಯುತ್ತಲೇ ಇತ್ತು.

ಈ ದೇಶದ ಜನ ಬಸ್ಸು ಹತ್ತಿದರೆ ಒಳಗಿದ್ದವರಿಗೆಲ್ಲ ನಮಸ್ಕಾರ ಹೇಳುತ್ತಾರೆ, ಫ್ರೆಂಚಿನಲ್ಲಿ. ನಮ್ಮಲ್ಲಿ ಬಸ್ಸು ಹತ್ತಿದವನ ಮೊದಲ ಕೆಲಸ ಟವೆಲ್ ಹಾಸಿ ಜಾಗ ಹಿಡಿಯುವುದು. ಇಲ್ಲಿ ಯಾರೂ ಊಟ ಆಯಿತೇ ಎಂದು ಕೇಳುವುದಿಲ್ಲ, ಆದರೆ ನಿಮ್ಮ ಹಿರಿಯರು ಎಲ್ಲಿಂದ ಬಂದವರು ಎಂದು ಕೇಳುತ್ತಾರೆ. ಹಣ್ಣು ಮಾರುವವಳೂ ಕೇಳುತ್ತಾಳೆ, ಟ್ಯಾಕ್ಸಿಯವನೂ ಕೇಳುತ್ತಾನೆ. ನಾವು ಈಗ ತಾನೇ ಬಂದವರು ಎಂದರೆ ನಿರಾಸೆಯಾಗುತ್ತದೆ ಅವರಿಗೆ.

ಸಂತೆಯ ಪಕ್ಕದ ಗಾಡಿಯಲ್ಲಿ ಒಂದು ತಿಂಡಿ ಸಿಗುತ್ತದೆ, ದಾಲ್ ಪುರಿ ಎಂದು. ಒಳಗೆ ಕಡಲೆಬೇಳೆ ತುಂಬಿ ತೆಳ್ಳಗೆ ಲಟ್ಟಿಸಿ ಬೇಯಿಸಿದ್ದು. ನೋಡಲು ನಮ್ಮ ಹೋಳಿಗೆಯೇ. ನಮ್ಮ ಮನೆಯವರು ಖುಷಿಯಿಂದ ಕೈಯಲ್ಲಿ ಹಿಡಿದು ತುಪ್ಪ ಬರುತ್ತದೆಂದು ಕಾಯ್ದರು. ಬಂದದ್ದು ಟೊಮೆಟೊ ಸಾರು, ಮೇಲೆ ಹಸಿಮೆಣಸಿನಕಾಯಿ. ಒಂದು ತುತ್ತು ತಿಂದು ಗಂಭೀರವಾಗಿ, “ಬೆಲ್ಲ ಮರ್ತಾರ” ಅಂದರು. ಆದರೂ ನಾಲ್ಕು ತಿಂದರು.

ಮೋಕಾ

ತಂಡದವರು ದೋಣಿಯಲ್ಲಿ ಡಾಲ್ಫಿನ್ ನೋಡಲು ಹೋದ ದಿನ ನಾವಿಬ್ಬರು ಮೋಕಾ ಎಂಬ ಊರಿನ ದಾಖಲೆ ಕಚೇರಿಗೆ ಹೋದೆವು. ಹಡಗಿನಲ್ಲಿ ಬಂದ ಕೂಲಿಗಳ ವಿವರ ಇಲ್ಲಿದೆ. ಕಿಟಕಿಯ ಆಚೆ ಬೆಟ್ಟ, ಈಚೆ ತಣ್ಣಗಿನ ಕೋಣೆ, ಮೇಜಿನ ಹಿಂದೆ ಲೀಲಾ ಎಂಬ ನಗುಮುಖದ ಹೆಂಗಸು. ಹಿಂದಿ ಚೆನ್ನಾಗಿ ಬರುತ್ತಿತ್ತು. ನಾನು ಹೆಮ್ಮೆಯಿಂದ, ನಮ್ಮ ತವರಿನ ಅಡ್ಡಹೆಸರು ಸೇರಿಸಿ, “ಗುರಪ್ಪ ಮುರಗೋಡ” ಎಂದು ಬರೆದು ಕೊಟ್ಟೆ.

ಲೀಲಾ ಹುಡುಕಿದಳು. ಮುರಗೋಡ ಎಂಬ ಮನೆತನದವರು ಒಬ್ಬರೂ ಇಲ್ಲ. ಹಿಂದೆ ಮುಂದೆ ಮಾಡಿ ಹುಡುಕಿದಳು, ಇಲ್ಲ. ಬೆಳಗಿನಿಂದ ಮಧ್ಯಾಹ್ನ ಆಯಿತು. ಅಪ್ಪನ ಮಾತು ನೆನಪಾಯಿತು. ಅಷ್ಟರಲ್ಲಿ, ಅಲ್ಲಿಯವರೆಗೂ ಮೂಲೆಯಲ್ಲಿ ತೂಕಡಿಸುತ್ತಿದ್ದ ನಮ್ಮ ಮನೆಯವರು ಕಣ್ಣು ತೆರೆದು ಕೇಳಿದರು:

“ಅಲ್ಲಾ, ಮುರಗೋಡದಾಗ ಮುರಗೋಡ ಅನ್ನೋ ಮನಿ ಒಂದರ ಐತೇನು?”

ನಾನು ತಲೆಗೆ ಕೈ ಹೊಡೆದುಕೊಂಡೆ. ನಮ್ಮ ಕಡೆ ಊರು ಬಿಟ್ಟು ಬೇರೆ ಊರಿಗೆ ಹೋದವನಿಗೆ, ಬಿಟ್ಟು ಬಂದ ಊರಿನ ಹೆಸರೇ ಅಡ್ಡಹೆಸರು. ಚಚಡಿಯಿಂದ ಬೈಲಹೊಂಗಲಕ್ಕೆ ಬಂದರೆ ಚಚಡಿ, ಸವದತ್ತಿಯಿಂದ ಬಂದರೆ ಸವದತ್ತಿ. ನಾವು ಮುರಗೋಡದವರಾದದ್ದು ಗುರಪ್ಪನ ತಮ್ಮ ರಾಮದುರ್ಗಕ್ಕೆ ಬಂದು ನೆಲೆಸಿದ ಮೇಲೆ. ಅದಕ್ಕಿಂತ ಮೊದಲೇ ಮುರಗೋಡದಿಂದ ನೇರ ಹಡಗಿಗೆ ಹೋದ ಗುರಪ್ಪನಿಗೆ ಆ ಹೆಸರು ಎಲ್ಲಿಂದ ಬರಬೇಕು? ಇದನ್ನು ಲೀಲಾಗೆ ಬಿಡಿಸಿ ಹೇಳಿದಾಗ ಅವಳು ಪೆನ್ನು ಕೆಳಗಿಟ್ಟು ನಕ್ಕಳು. ಇಲ್ಲಿ ಇನ್ನೂ ಬೇರೆ ಪದ್ಧತಿಯಂತೆ. ಹಡಗಿನಿಂದ ಇಳಿದವನ ಸ್ವಂತ ಹೆಸರೇ ಮುಂದೆ ಮಕ್ಕಳು ಮೊಮ್ಮಕ್ಕಳಿಗೆಲ್ಲ ಮನೆತನದ ಹೆಸರು. ಹಾಗಾದರೆ ಗುರಪ್ಪ ಎಂದೇ ಹುಡುಕೋಣ ಎಂದಳು.

ಈಗ ಒಬ್ಬರಲ್ಲ, ಹಲವಾರು ಗುರಪ್ಪಂದಿರು ಸಿಕ್ಕರು. ಮುಂಬೈಯಿಂದ ಬಂದವರೇ ಮೂವರು. ಊರಿನ ಹೆಸರು ಬರೆದವನು ಯಾವ ಪುಣ್ಯಾತ್ಮನೋ, ಓದಲು ಬಾರದ ಹಾಗೆ ಬರೆದಿದ್ದ. ತಂದೆಯ ಹೆಸರು ಹೇಳಿ, ಅದೊಂದು ಸಿಕ್ಕರೆ ಬೇರೆ ಮಾಡಬಹುದು ಎಂದಳು ಲೀಲಾ. ಅವಳು ಇನ್ನೂ ಒಳ್ಳೆಯ ಮಾತು ಹೇಳಿದಳು, ಮನೆತನ ಹುಡುಕುವವರು ಕೇಳಿಸಿಕೊಳ್ಳಿ: ಕಚೇರಿಗೆ ಬರುವ ಮೊದಲು ಮನೆಯ ಅಜ್ಜಿಯರ ಹತ್ತಿರ ಹೋಗಿ, ಗುಡಿಗೆ ಹೋಗಿ, ಹಬ್ಬದಲ್ಲಿ ಏನು ಮಾಡುತ್ತೀರೋ ಅದನ್ನು ಯಾಕೆ ಮಾಡುತ್ತೀರಿ ಎಂದು ಕೇಳಿ, ಕಾಗದ ಕೊನೆಗೆ.

ಗುರಪ್ಪನ ತಂದೆಯ ಹೆಸರು ನನಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಸಿದ್ದಪ್ಪನ ಬಾಯಲ್ಲಿ, ಅವನಪ್ಪನ ಬಾಯಲ್ಲಿ ಕೇಳುತ್ತಲೇ ಬಂದಿದ್ದೇನೆ, ಆದರೆ ನಮ್ಮ ಲಕ್ಷ್ಯವೆಲ್ಲ ನಮ್ಮ ಹೆಸರು ಯಾವಾಗ ಬರುತ್ತದೆ ಎಂಬುದರ ಮೇಲೆ. ಅಣ್ಣನಿಗೆ ಫೋನ್ ಮಾಡಿದೆ. ಅವನ ಕಥೆಯೂ ಅದೇ. ಅವನು ಸಿದ್ದಪ್ಪನನ್ನು ಫೋನಿನಲ್ಲಿ ಹಿಡಿದು ಕೇಳಿ, ಮರಳಿ ನನಗೆ ಮಾಡಿದ. ಸಿದ್ದಪ್ಪ ಹೇಳಿದ್ದನ್ನು ಅವನದೇ ಧಾಟಿಯಲ್ಲಿ ಒಪ್ಪಿಸಿದ:

“ನಡಬರ್ಕ ಒಂದ ಹೆಸರ ಕೇಳಿದ್ರ ಹೆಂಗ ಹೇಳ್ಲಿರಿ? ಬುಡದಿಂದ ಹಿಡದ್ರನ ಬರತೈತಿ. ಮೊರ ತುಂಬಿ ಇಡ್ರಿ, ನಾಡಿದ್ದ ಬರತೇನಿ.”

ಹೊರಗೆ ಬರುವಾಗ ಲೀಲಾ ಒಂದು ಚೀಟಿ ಕೊಟ್ಟಳು. ಪಶ್ಚಿಮ ಕರಾವಳಿಯ ಒಂದು ಹಳ್ಳಿಯಲ್ಲಿ ಗುರಪ್ಪಾ ಎಂಬ ಮನೆತನದವರಿದ್ದಾರೆ, ಅಲ್ಲೊಬ್ಬ ಅಜ್ಜಿ ಇದ್ದಾಳೆ, ಹೋಗಿ ಮಾತಾಡಿಸಿ ನೋಡಿ ಎಂದಳು.

ಕಬ್ಬಿನ ನಡುವಿನ ಹಳ್ಳಿ

ಮರುದಿನವೇ ಆ ಹಳ್ಳಿಯ ಬಸ್ಸು ಹತ್ತಿದೆವು. ಇಲ್ಲಿ ಬಸ್ಸು ನಿಲ್ಲಬೇಕಾದರೆ ಗುಂಡಿ ಒತ್ತಬೇಕು. ನಮ್ಮ ಮನೆಯವರು ಗುಂಡಿಯ ಕಡೆ ನೋಡದೆ, ನಮ್ಮ ಸಾರಿಗೆ ಬಸ್ಸಿನ ಅಭ್ಯಾಸದ ಮೇಲೆ ಎದ್ದು ನಿಂತು “ಹೋಲ್ಡಾನ್” ಎಂದು ಕೂಗಿದರು. ಬಸ್ಸಿನವರೆಲ್ಲ ತಿರುಗಿ ನೋಡಿ ಪ್ರೀತಿಯಿಂದ ಕೈ ಬೀಸಿದರು, ಬಸ್ಸು ನಿಲ್ಲಲಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದು ಕಬ್ಬಿನ ನಡುವೆ ಹಿಂದಕ್ಕೆ ನಡೆದೆವು. ಒಂದು ಕಡೆ ಕಟಾವು ಮುಗಿದಿತ್ತು. ದಾರಿಯುದ್ದಕ್ಕೂ ನಮ್ಮ ಮನೆಯವರು ಕಬ್ಬಿನ ಗಣಿಕೆ ಹಿಡಿದು ನೋಡಿ, ಮಲಪ್ರಭಾ ದಂಡೆಯ ಕಬ್ಬಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ನನಗೆ ತಿಳಿಸಿ ಹೇಳಿದರು. ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅಜ್ಜಿಯ ಹೆಸರು ಸುಶೀಲಾ. ಎಂಬತ್ತರ ಹತ್ತಿರದ ವಯಸ್ಸು, ಹೂವಿನ ಚಿತ್ರದ ಗೌನು, ಕಿವಿಯಲ್ಲಿ ದೊಡ್ಡ ಓಲೆ. ಗಂಡ ರಘುನಾಥ ತೀರಿಹೋಗಿದ್ದಾನೆ. ಮಗ ವಿಕಾಸ, ಸೊಸೆ ಪ್ರಿಯಾ, ಮೊಮ್ಮಗಳು ಅನಿಶಾ ಮನೆಯಲ್ಲಿದ್ದರು. ಅಜ್ಜಿಯ ಮಾತು ಅರ್ಧ ಹಿಂದಿ, ಅರ್ಧ ಮರಾಠಿ; ಮುಂಬೈ ಹಡಗಿನಲ್ಲಿ ಬಂದವರಲ್ಲಿ ಮರಾಠಿಯವರೇ ಹೆಚ್ಚಂತೆ. ಸಂತೆಯ ಮರಾಠಿ ನನಗೆ ಸಾಕಷ್ಟು ಬರುತ್ತದೆ, ಹೀಗಾಗಿ ಹೊಂದಿಕೆಯಾಯಿತು. ಬಂದ ಕಾರಣ ಹೇಳಿದೆ. ಅವಳು ಕುರ್ಚಿಗೆ ಒರಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನೀವು ಗುರಪ್ಪನ ಕಡೆಯವರೇ ಹೌದಾದರೆ ನನ್ನದೊಂದು ಪ್ರಶ್ನೆ ಇದೆ, ಹೇಳಿ ನೋಡೋಣ ಎಂದು ದೇವರ ಕೋಣೆಗೆ ಕರೆದುಕೊಂಡು ಹೋದಳು.

ಅಲ್ಲಿ ನೆಲದ ಮೇಲೆ ಒಂದು ಮೊರ ಇತ್ತು. ಮೊರದ ತುಂಬ ಅಕ್ಕಿ.

ಪ್ರತಿ ವರ್ಷ ಕಬ್ಬಿನ ಕಟಾವು ಮುಗಿದ ವಾರ ಇದನ್ನು ಇಡುತ್ತಾರಂತೆ. ಗುರಪ್ಪ ತನ್ನ ಮಕ್ಕಳಿಗೆ ಹೇಳಿ ಹೋದದ್ದು: ಎತ್ತಿನ ಮೇಲೆ ಒಬ್ಬ ಬರುತ್ತಾನೆ, ಮೊರ ತುಂಬಿ ಅವನ ಪಾಲು ಇಡಿ, ಮಕ್ಕಳ ಹೆಸರು ಹೇಳಿ. ವಾರ ಕಳೆದ ಮೇಲೆ ಯಾರೂ ಬರದಿದ್ದರೆ ಗುಡಿಗೆ ಕೊಡುತ್ತಾರೆ. ಸೊಸೆ ಪ್ರಿಯಾಗೆ ಇದು ಅರ್ಥವಿಲ್ಲದ್ದು. ಯಾರಿಗೆಂದು ಗೊತ್ತಿಲ್ಲದೆ ಇಡುವುದೇನು, ಈ ವರ್ಷಕ್ಕೆ ಸಾಕು ಮಾಡೋಣ ಎಂದು ಅವಳು ಅತ್ತೆಗೆ ಹೇಳಿದ್ದಳಂತೆ. ಹೇಳುವಾಗ ಅಜ್ಜಿಗೆ ಸಿಟ್ಟೇನೂ ಇರಲಿಲ್ಲ. ಅವಳಿಗೆ ಉತ್ತರ ಬೇಕಾಗಿತ್ತು ಅಷ್ಟೇ.

“ಪುರೋಹಿತರು ಅವನು ಶಿವ ಅಂತಾರೆ. ಎತ್ತಿನ ಮೇಲೆ ಬರೋನು ಶಿವನೇ ಅಲ್ಲವೇ ಅಂತಾರೆ. ಆದರೆ ನಮ್ಮತ್ತೆ ಹೇಳ್ತಿದ್ದಳು, ಬರೋನಿಗೆ ಒಂದು ಕಾಲು ಕುಂಟು ಅಂತ. ಶಿವನಿಗೆ ಕಾಲು ಕುಂಟೇ?”

ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ನಗು ಬಂತೋ ಅಳು ಬಂತೋ ನನಗೇ ತಿಳಿಯಲಿಲ್ಲ. ನಮ್ಮ ಹೊಸ್ತಿಲ ಮುಂದಿನ ಮೊರ ಸಮುದ್ರ ದಾಟಿ ಬಂದು ಇಲ್ಲಿ ಕುಳಿತಿತ್ತು. ಶಿವನಲ್ಲ, ಅವನು ಹೆಳವ, ನಿಮ್ಮ ಹೆಸರು ಕೇಳಲು ಬರುವವನು ಎಂದು ಹೇಗೋ ಹೇಳಿದೆ. ಸುಶೀಲಜ್ಜಿ ಗೋಡೆ ಹಿಡಿದು ನಿಂತಳು.

ನಮ್ಮ ಮನೆಯವರು ಮಾತ್ರ ವ್ಯಾಪಾರದವರು. ಹೊರಗೆ ಕರೆದು ಎಚ್ಚರಿಸಿದರು. ಹೆಳವರು ನಿಮ್ಮೊಂದೇ ಮನೆಗೆ ಬರುತ್ತಾರೇನು, ನಮ್ಮ ಕಡೆ ನೂರಾರು ಮನೆಗೆ ಬರುತ್ತಾರೆ. ಈ ಗುರಪ್ಪ ನಮ್ಮ ಸೀಮೆಯವನು ಎಂಬುದು ಖರೆ, ನಿಮ್ಮ ಗುರಪ್ಪ ಎಂದು ಹೇಗೆ ಹೇಳುತ್ತಿ? ಮಾತು ಸರಿಯಿತ್ತು, ಅದಕ್ಕೇ ಸಿಟ್ಟು ಬಂತು.

ಒಳಗೆ ಅಜ್ಜಿ ಮೊಮ್ಮಗಳನ್ನು ಮೊರದ ಮುಂದೆ ಕೂರಿಸಿದ್ದಳು. ಹೆಸರು ಹೇಳುವ ಪದ್ಧತಿ ನಮಗೆ ತೋರಿಸಬೇಕಂತೆ. ಅನಿಶಾ ಮಗ್ಗಿ ಒಪ್ಪಿಸುವ ಹಾಗೆ ಒಂದೇ ಉಸಿರಿಗೆ ಹೇಳಿದಳು. ಅನಿಶಾ, ವಿಕಾಸ, ರಘುನಾಥ, ಶಿವರಾಮ, ಬಾಬಾಜಿ, ಗುರಪ್ಪ, ಸಂಗಪ್ಪ. ಕೊನೆಯ ಹೆಸರು ಕೇಳಿ ನಾನು ನಮ್ಮ ಮನೆಯವರ ಮುಖ ನೋಡಿದೆ. ನಮಗೆ ಬೇಕಾಗಿದ್ದ ತಂದೆಯ ಹೆಸರು ಸಿಕ್ಕಿತ್ತು, ಆದರೆ ತಾಳೆ ನೋಡಲು ನಮ್ಮ ಹತ್ತಿರ ಏನೂ ಇರಲಿಲ್ಲ. ನಾಳೆ ಸಿದ್ದಪ್ಪ ಹೇಳಬೇಕು.

“ನೀ ಮೊದಲ ಬಾಯಿ ಬಿಡಬ್ಯಾಡ,” ಅಂದರು ನಮ್ಮ ಮನೆಯವರು. “ಅಂವಾ ಹೇಳ್ಲಿ.” ಹತ್ತಿ ವ್ಯಾಪಾರದಲ್ಲಿ ವಸ್ತ್ರದ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದನ್ನು ಕಂಡವರು ಅವರು. ತಮ್ಮ ದರ ಮೊದಲು ಬಿಡುವವರಲ್ಲ.

ಅದೇ ಹಳ್ಳಿ, ಮರುದಿನ

ತಂಡದವರು ಅಂದು ಗಂಗಾ ತಲಾವ್ ನೋಡಲು ಹೋದರು. ಕಿತ್ತೂರಿನ ಗೆಳತಿ ನಮಗಾಗಿ ತೀರ್ಥ ತರುತ್ತೇನೆ ಎಂದಳು. ನಾವು ಬೆಳಿಗ್ಗೆಯೇ ಹಳ್ಳಿಗೆ ಹೋದೆವು. ಈ ಸಲ ಗುಂಡಿ ಒತ್ತಿದ್ದು ನಾನು.

ಅಜ್ಜಿ ಸೀರೆ ಉಟ್ಟು ಕುಳಿತಿದ್ದಳು. ಮದುವೆಗೆ ಬಿಟ್ಟರೆ ಸೀರೆ ಉಡುವುದಿಲ್ಲ ಎಂದು ಪ್ರಿಯಾ ನನ್ನ ಕಿವಿಯಲ್ಲಿ ಹೇಳಿದಳು. ಮೊರಕ್ಕೆ ಹೊಸ ಅಕ್ಕಿ ಬಿದ್ದಿತ್ತು. ವಿಕಾಸ ಕೆಲಸಕ್ಕೆ ಹೋಗದೆ ನಿಂತಿದ್ದ. ಮೊರವನ್ನು ಹೊಸ್ತಿಲ ಮುಂದೆ ಇಡಿಸಿದೆ, ಅದರ ಆಚೆ ಸ್ಟೂಲಿನ ಮೇಲೆ ನನ್ನ ಫೋನು. ನಮಗಿಂತ ಒಂದೂವರೆ ತಾಸು ಮುಂದಿರುವ ರಾಮದುರ್ಗದಲ್ಲಿ ನಮ್ಮಣ್ಣನ ಹೊಸ್ತಿಲು ಕಂಡಿತು. ಅಲ್ಲಿ ಜೋಳದ ಮೊರ, ಅಣ್ಣನ ಹೆಂಡತಿ ನಮ್ಮ ವೈನಿ, ಅವಳ ಸೊಸೆಯಂದಿರು, ಓಣಿಯ ಅರ್ಧ ಜನ. ಎಲ್ಲರಿಗಿಂತ ಮುಂದೆ ಹಳದಿ ಪಟಕ ಸುತ್ತಿದ ಸಿದ್ದಪ್ಪ. ನಮ್ಮಣ್ಣನಿಗೆ ನಾನು ಹೇಳಿದ್ದು ಇಷ್ಟೇ: ಫೋನು ಸಿದ್ದಪ್ಪನ ಕಡೆ ಹಿಡಿ, ಏನೂ ಕೇಳಬೇಡ.

ಗಂಟೆ ಬಾರಿಸಿದ್ದು ಕೇಳಿತು. ಈ ಕಡೆ ಸುಶೀಲಜ್ಜಿ ನನ್ನ ಕೈ ಹಿಡಿದುಕೊಂಡಳು. ಸಿದ್ದಪ್ಪ ಬುಡದಿಂದ ಶುರು ಮಾಡಿದ. ಮೊದಲ ಬಾರಿಗೆ ನಾನು ಕಿವಿಗೊಟ್ಟು ಕೇಳಿದೆ. ಎಲ್ಲಿಂದಲೋ ಬಂದು ಮುರಗೋಡದಲ್ಲಿ ನೆಲೆಸಿದವರು, ಅವರ ಮಕ್ಕಳು, ಅವರ ಹೊಲ, ಅವರ ಬಾವಿ. ಹೆಸರ ಮೇಲೆ ಹೆಸರು ಬಂತು.

“ಸಂಗಪ್ಪಗ ಇಬ್ಬರ ಗಂಡಮಕ್ಕಳು. ಹಿರ್ಯಾ ಗುರಪ್ಪ, ಕಿರ್ಯಾ ಬಸಲಿಂಗಪ್ಪ.”

ಸಿದ್ದಪ್ಪನ ಕನ್ನಡ ಅಜ್ಜಿಗೆ ಒಂದಕ್ಷರ ತಿಳಿಯದು. ಆದರೆ ಸಂಗಪ್ಪ ತಿಳಿಯಿತು, ಗುರಪ್ಪ ತಿಳಿಯಿತು. ನನ್ನ ಕೈಯನ್ನು ಎಷ್ಟು ಜೋರಾಗಿ ಹಿಡಿದಳೆಂದರೆ ಬಳೆ ಒಡೆಯಿತು. ನಮ್ಮ ಮನೆಯವರು ಟೋಪಿ ತೆಗೆದು ಮುಖ ಒರೆಸಿಕೊಂಡರು. ನನ್ನ ಕಣ್ಣ ನೀರು ಅಕ್ಕಿಯ ಮೇಲೆ ಬಿತ್ತು, ಅದು ಸಂತೋಷದ್ದೇ.

ಸಿದ್ದಪ್ಪನಿಗೆ ಇದಾವುದೂ ಗೊತ್ತಿಲ್ಲ. ಅವನು ಎಂದಿನಂತೆ ಅಲ್ಲಿಗೆ ನಿಲ್ಲಿಸಿ ಅಣ್ಣನ ಕಡೆ ತಿರುಗಿ ಕೇಳಿದ.

“ಹಿರ್ಯಾ ಗುರಪ್ಪನ ಸುದ್ದಿ ಏನರ ಬಂತೇನ್ರಿ?”

ಅಣ್ಣ ಫೋನಿನಲ್ಲಿ ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಅವನು ಒಮ್ಮೆ ಅಪ್ಪ ಕೂರುತ್ತಿದ್ದ ಕಟ್ಟೆಯ ಕಡೆ ನೋಡಿದ.

“ಬಂತ್ರಿ ಸಿದ್ದಪ್ಪ,” ಅಂದ. “ಬಂತು.”

ಸಿದ್ದಪ್ಪನ ಕೈಯಲ್ಲಿದ್ದ ಗಂಟೆ ಹಾಗೇ ನಿಂತಿತು. ಅವನಪ್ಪ, ಅವನಜ್ಜ ಕೇಳುತ್ತ ಬಂದ ಪ್ರಶ್ನೆಗೆ ಹೀಗೂ ಉತ್ತರವಿದೆ ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಅಣ್ಣ ಫೋನು ಅವನ ಕೈಗೆ ಕೊಟ್ಟ. ನಾನು ಅನಿಶಾಳನ್ನು ಮುಂದೆ ತಂದೆ. ಅವಳು ಮತ್ತೆ ಒಂದೇ ಉಸಿರಿಗೆ ಹೇಳಿದಳು. ಸಿದ್ದಪ್ಪ ಒಂದೊಂದೇ ಹೆಸರನ್ನು ಅವಳಿಂದ ಹೇಳಿಸಿಕೊಂಡು, ತಾನು ಹೇಳಿ, ತಪ್ಪಿದರೆ ತಿದ್ದಿಸಿಕೊಂಡ. ಆಮೇಲೆ ಗಂಟೆ ಎತ್ತಿಕೊಂಡು ಮತ್ತೆ ಬುಡದಿಂದ ಶುರು ಮಾಡಿದ. ಈ ಸಲ ಗುರಪ್ಪನ ಹತ್ತಿರ ರಾಗ ನಿಲ್ಲಲಿಲ್ಲ. ಬಾಬಾಜಿ, ಶಿವರಾಮ, ರಘುನಾಥ ಎಂದು ಸಮುದ್ರ ದಾಟಿ ನಡೆಯಿತು. ಅನಿಶಾ ತನ್ನ ಹೆಸರು ಬಂದಾಗ ಜಿಗಿದಳು. ರಾಮದುರ್ಗದ ಓಣಿಯವರು ಚಪ್ಪಾಳೆ ಹೊಡೆದರು.

ಲೆಕ್ಕ ಹಾಕಿದರೆ ಸುಶೀಲಜ್ಜಿ ನನಗೆ ದೊಡ್ಡವ್ವ ಆಗಬೇಕು. ವಿಕಾಸ ಅಣ್ಣ. ಅನಿಶಾ ನನ್ನನ್ನು ಅತ್ತೀ ಎಂದು ಕರೆಯಬೇಕು ಎಂದು ಕಲಿಸಿದೆ, ತಕ್ಷಣ ಕರೆಯತೊಡಗಿದಳು. ನಮ್ಮ ಮನೆಯವರು ಹೊಸ ಭಾವನ ಹೆಗಲ ಮೇಲೆ ಕೈ ಹಾಕಿ, ಇಬ್ಬರಿಗೂ ಸರಿಯಾಗಿ ಬಾರದ ಹಿಂದಿಯಲ್ಲಿ ಕಬ್ಬಿನ ಇಳುವರಿ ಕೇಳಿದರು.

ಸಿದ್ದಪ್ಪನ ಕೆಲಸ ಮುಗಿದಿರಲಿಲ್ಲ. ಇಷ್ಟು ವರ್ಷದ ಪಾಲಿನ ಅಕ್ಕಿ ಗುಡಿಗೆ ಹೋಯಿತೆಂದು ಕೇಳಿ ಸ್ವಲ್ಪ ಮುಖ ಸಣ್ಣ ಮಾಡಿ, ಆಮೇಲೆ ತಾನೇ ನಕ್ಕ. ಮನೆಯಲ್ಲಿ ಇನ್ನೂ ಸಣ್ಣವರು ಯಾರಾದರೂ ಇದ್ದಾರೆಯೇ ಕೇಳಿ ಎಂದ. ನಾನು ಮರಾಠಿಯಲ್ಲಿ ಕೇಳಿದೆ. ಇಲ್ಲ ಎಂದು ಅಜ್ಜಿ ತಲೆ ಅಲ್ಲಾಡಿಸುವಷ್ಟರಲ್ಲಿ, ಬಾಗಿಲ ಹತ್ತಿರ ಕೈ ಕಟ್ಟಿ ನಿಂತಿದ್ದ ಪ್ರಿಯಾ ಮುಂದೆ ಬಂದಳು. ಅಜ್ಜಿಗೂ ಇನ್ನೂ ಹೇಳಿರಲಿಲ್ಲವಂತೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನನ್ನನ್ನು ನೋಡಿದಳು. ಸಿದ್ದಪ್ಪನಿಗೆ ನಾನು ತಿಳಿಸಿದೆ.

“ಆತ್ರಿ,” ಅಂದ ಸಿದ್ದಪ್ಪ. “ಅದರ ಹೆಸರ ಮುಂದಿನ ಸಲ ಬಂದಾಗ ಕೇಳತೇನಿ.”

ಅವನು ಏನಂದ ಎಂದು ದೊಡ್ಡವ್ವ ಕೇಳಿದಳು. ಮತ್ತೆ ಬರುತ್ತಾನಂತೆ ಎಂದೆ. ಅವಳು ಸೊಸೆಯ ಕೆನ್ನೆ ಸವರಿ, ಸೆರಗಿನಿಂದ ತನ್ನ ಕಣ್ಣು ಒರೆಸಿಕೊಂಡಳು. ನಾನು ಏಳುವ ಮೊದಲೇ ಪ್ರಿಯಾ ಒಳಗೆ ಹೋಗಿ ಇನ್ನೊಂದು ಬೊಗಸೆ ಅಕ್ಕಿ ತಂದು ಮೊರಕ್ಕೆ ಸುರಿದಳು.